ಸತ್ತೇಗಾಲದ ಕೈಮರ ಕೈ ತೋರಿಸದ ದಿಕ್ಕು

ಹಾಸನದಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿ ಟೀವಿಯಲ್ಲಿ ಕುದ್ದು ಉಕ್ಕಿ, 2025ರ ಜುಲೈನಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನಸುಕಿಗೇ ಜನ ಸಾಲುಗಟ್ಟಿದ ಕತೆಯನ್ನು ಮತ್ತೆ ಹೇಳಬೇಕಿಲ್ಲ. ಎದೆ ಚುಳುಕ್ ಎಂದವರೆಲ್ಲ ಇಸಿಜಿ ಮಾಡಿಸಿಕೊಂಡು ಊರಿಗೆ ಮರಳಿದರು. ಆಮೇಲೆ ದೊಡ್ಡವರದೆಲ್ಲ ಒಂದೇ ಮಾತು: ಸಂಶೋಧನೆ ಆಗಬೇಕು. ಆಗಲಿ, ಯಾರ ಮೇಲೆ? ಏರು ಹತ್ತಿದಾಗ ಎದೆ ಹಿಡಿದು, ನಿಂತರೆ ಬಿಡುವ ನೋವೊಂದಿದೆ. ವೈದ್ಯರು ಅದನ್ನು ಆಂಜೈನಾ ಎನ್ನುತ್ತಾರೆ, ಊರವರು ಗ್ಯಾಸ್ಟ್ರಿಕ್ ಎನ್ನುತ್ತಾರೆ. ಅದಕ್ಕೆ ಹೊಸ ಮದ್ದನ್ನು ಒರೆಗೆ ಹಚ್ಚುವ ಕ್ಲಿನಿಕಲ್ ಟ್ರಯಲ್ ಎಲ್ಲಿ ನಡೆಯುತ್ತಿದೆ, ಸೇರುವುದು ಹೇಗೆ ಎಂದು ಕೊಳ್ಳೇಗಾಲ, ಹನೂರು, ಯಳಂದೂರಿನ ರೋಗಿ ಯಾರನ್ನು ಕೇಳಬೇಕು? ದಾರಿ ತೋರಿಸುವುದೇ ಕಸುಬಾದವರನ್ನು ಕೇಳುವುದು ವಾಸಿ ಎನಿಸಿ, ಕೊಳ್ಳೇಗಾಲದ ದಾರಿಯಲ್ಲಿ ದಿಕ್ಕು ತೋರುವ ಕಂಬವಾದ ಸತ್ತೇಗಾಲ ಹ್ಯಾಂಡ್‌ಪೋಸ್ಟನ್ನೇ ಮಾತಿಗೆಳೆದದ್ದಾಯಿತು.

ಪ್ರಶ್ನೆ: ಕೈಮರದವರಿಗೆ ನಮಸ್ಕಾರ.

ಹ್ಯಾಂಡ್‌ಪೋಸ್ಟ್: ಯಾರ್ನ ಕರೀತಿದ್ದೀರಿ ಸ್ವಾಮಿ? ನನ್ನೆಸ್ರು ಹ್ಯಾಂಡ್‌ಪೋಸ್ಟು. ಕಂಡಕ್ಟ್ರು ಕೂಗಾದೂ ಅಂಗೇಯ, ಟಿಕೀಟು ಅರಿಯಾದೂ ಅಂಗೇಯ.

ಪ್ರಶ್ನೆ: ಕೈಮರ ಅಂತ ಎಂಥ ಮುದ್ದಾದ ಕನ್ನಡ ಮಾತಿದೆ! ಅದನ್ನು ಬಿಟ್ಟುಕೊಟ್ಟಿದ್ದರಿಂದಲೇ ನಮಗೆ ಈ ಗತಿ. ಇರಲಿ. ಎದೆನೋವಿನ ಟ್ರಯಲ್ಲಿಗೆ ಯಾವ ಕಡೆ ಹೋಗಬೇಕು?

ಹ್ಯಾಂಡ್‌ಪೋಸ್ಟ್: ಅದ್ಕೆ ನನ್ತಾವ ಕೈ ಇಲ್ಲ ಕನ ಸ್ವಾಮಿ. ಬೆಂಗಳೂರಿಗೊಂದು, ಕೊಳ್ಳೇಗಾಲಕ್ಕೊಂದು, ಭರಚುಕ್ಕಿಗೊಂದು, ಮುಗೀತು. ನನ್ ಸಂಕಟ ಕೇಳಿ ಮೊದ್ಲು. 1902ರಲ್ಲಿ ಇಲ್ಲೇ ಹೊಳೆ ಆಚೆ, ಶಿವನಸಮುದ್ರದಲ್ಲಿ ಕರೆಂಟು ಹುಟ್ತು. ಹುಟ್ಟಿದ್ದೇ ತಡ, 147 ಕಿಲೋಮೀಟ್ರು ತಂತಿ ಮೇಲೆ ಕೋಲಾರದ ಚಿನ್ನದ ಗಣಿಗೆ ಓಡೋಯ್ತು. 1905ಕ್ಕೆ ಬೆಂಗಳೂರಿನ ಬೀದಿ ದೀಪಕ್ಕೋಯ್ತು. ನಾವು ಈಚೆ ದಡದೋರು ಮದ್ರಾಸು ಪ್ರಾಂತ್ಯ, ಕೊಯಮತ್ತೂರು ಜಿಲ್ಲೆ. 1956ರ ನವೆಂಬರ್ ಗಂಟ ನಾವು ಮೈಸೂರಿನೋರೇ ಅಲ್ಲ. ಹೊಳೆ ನಮ್ದು, ಸದ್ದು ನಮ್ದು, ಬೆಳಕು ಅವರ್ದು.

ಪ್ರಶ್ನೆ: ಪ್ರವಾಸಿಗರು ಎಸೆದು ಹೋಗುವ ಪ್ಲಾಸ್ಟಿಕ್ಕಿನ ಬಗ್ಗೆ ಏನಾದರೂ...

ಹ್ಯಾಂಡ್‌ಪೋಸ್ಟ್: ಅದ್ನ ಬುಡಿ ಸ್ವಾಮಿ. ಕರೆಂಟಿನ ವಿಷ್ಯ ಇನ್ನೂ ಮುಗ್ದಿಲ್ಲ.

ಮುಗಿಯುವುದೂ ಇಲ್ಲ. ಆದರೆ ಈ ಹಳೇ ಗೊಣಗಾಟದಲ್ಲಿ ಒಂದು ತಿರುಳಿದೆ: ಪಕ್ಕದಲ್ಲೇ ಇರುವುದು ಬೇರೆ, ಕೈಗೆ ಸಿಗುವುದು ಬೇರೆ. ಕ್ಲಿನಿಕಲ್ ಟ್ರಯಲ್ಲಿನ ವಿಷಯವೂ ಹೀಗೇ. ಈ ದೇಶದಲ್ಲಿ ಟ್ರಯಲ್‌ಗಳಿಗೊಂದು ದಾಖಲೆ ಪುಸ್ತಕ ಇಲ್ಲವೆಂದು ಯಾರೂ ದೂರುವ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರ ಜುಲೈ 20ರಂದು ಸಿಟಿಆರ್‌ಐ ಎಂಬ ನೋಂದಣಿಯನ್ನು ತೆರೆಯಿತು. 2009ರ ಜೂನ್ 15ರಿಂದ ನೋಂದಣಿ ಕಡ್ಡಾಯವಾಯಿತು. ಯಾವ ಆಸ್ಪತ್ರೆ, ಹೊಣೆ ಹೊತ್ತ ವೈದ್ಯರು ಯಾರು, ಅವರ ಫೋನು, ಯಾವ ವಯಸ್ಸಿನವರು ಸೇರಬಹುದು, ಯಾರು ಸೇರಕೂಡದು, ರೋಗಿಗಳನ್ನು ಈಗಲೂ ತೆಗೆದುಕೊಳ್ಳುತ್ತಿದ್ದಾರೋ ಬಾಗಿಲು ಮುಚ್ಚಿದೆಯೋ, ಎಲ್ಲವೂ ಅಲ್ಲಿದೆ, ಬಿಟ್ಟಿಯಾಗಿ ಯಾರು ಬೇಕಾದರೂ ನೋಡಬಹುದು. ಕೈಮರವೆಂದರೆ ಅದೇ ಸರಿಯಾದ ಕೈಮರ. ಆದರೆ ಅದರ ಬೆರಳು ಇಂಗ್ಲಿಷಿನದು. ಇಂಗ್ಲಿಷ್ ಬಂದವರಿಗೂ ಒಗಟು ತಪ್ಪಿದ್ದಲ್ಲ: ಒಂದೇ ಕಾಯಿಲೆ ಒಂದು ಕಡೆ ಆಂಜೈನಾ, ಇನ್ನೊಂದು ಕಡೆ ಇಸ್ಕೀಮಿಕ್ ಹಾರ್ಟ್ ಡಿಸೀಸ್, ಮತ್ತೊಂದು ಕಡೆ ಕೊರೊನರಿ ಆರ್ಟರಿ ಡಿಸೀಸ್. ಮೂರು ಹೆಸರನ್ನೂ ಹಾಕಿ ಹುಡುಕದಿದ್ದರೆ ಮೂರರಲ್ಲಿ ಎರಡು ಬಾಗಿಲು ಕಣ್ಣಿಗೇ ಬೀಳುವುದಿಲ್ಲ.

ಪ್ರಶ್ನೆ: ಅಂದರೆ ಇದು ಭಾಷೆಯ ಪ್ರಶ್ನೆಯೇ ಅಲ್ಲವೇ? ಒಪ್ಪಿಗೆ ಪತ್ರಗಳ ಕನ್ನಡವನ್ನೇ ನೋಡಿ. ಯಾದೃಚ್ಛೀಕರಣ! ಚೀಟಿ ಎತ್ತುವುದು ಎಂದರೆ ಹನೂರಿನ ಅಜ್ಜಿಗೂ ತಿಳಿಯುತ್ತದೆ. ಹುಸಿಮದ್ದು ಎನ್ನುವಲ್ಲಿ ಪ್ಲೇಸಿಬೋ, ಅಡ್ಡಪರಿಣಾಮ ಎನ್ನುವಲ್ಲಿ ಪ್ರತಿಕೂಲ ಘಟನೆ...

ಹ್ಯಾಂಡ್‌ಪೋಸ್ಟ್: ಸ್ವಾಮಿ, ನೀವು ನನ್ನ ಕೇಳಾಕ್ ಬಂದ್ರೋ, ನಿಮ್ದೇ ಯೇಳ್ಕಳಾಕ್ ಬಂದ್ರೋ?

ಪ್ರಶ್ನೆ: ಕ್ಷಮಿಸಿ. ನಿಮ್ಮ ಪ್ರಕಾರ ಹಳ್ಳಿಯವರು ಇಂಥದ್ದಕ್ಕೆ ಸೇರಬೇಕೇ?

ಹ್ಯಾಂಡ್‌ಪೋಸ್ಟ್: ನಮ್ಮೋರ್ನ ಇಲಿ ಮಾಡ್ಕಂಡು ಪೇಟೆಯೋರಿಗೆ ಮದ್ದು ಮಾಡ್ತಾರೆ ಅಂತ ಅರಳಿಕಟ್ಟೇಲಿ ಯೇಳ್ತಾರೆ. ನಂಗೇನೋ ಅದೂ ಕರೆಂಟಿನಂಗೇ ಕಾಣ್ತದೆ. ಹುಟ್ಟಾದು ಇಲ್ಲಿ, ಉರಿಯಾದು ಅಲ್ಲಿ.

ಇಲ್ಲಿಗೆ ತಮಾಷೆ ಸಾಕು. 2005ರ ಜನವರಿಯಿಂದ 2012ರ ಜೂನ್ ವರೆಗೆ ಹೊಸ ಔಷಧಗಳ ಟ್ರಯಲ್‌ಗಳಲ್ಲಿ 2644 ಜನ ಸತ್ತರೆಂದು ಕೇಂದ್ರ ಸರ್ಕಾರವೇ 2013ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಟ್ರಯಲ್ಲಿನಿಂದಲೇ ಆದ ಸಾವು 80 ಎಂದಿತು. ಉಳಿದವರಲ್ಲಿ ಬಹಳ ಮಂದಿ ತಮ್ಮ ಕಾಯಿಲೆಯಿಂದಲೇ ಹೋಗಿರಬಹುದು, ಆ ಮಾತನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಆ ಲೆಕ್ಕ ಕೋರ್ಟಿನ ಮುಂದೆ ಬಂದದ್ದು ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಅದರ ಬಾಗಿಲು ತಟ್ಟಿದ ಮೇಲೆಯೇ. ಸಹಿ ಹಾಕಿಸಿಕೊಳ್ಳುವಾಗ ಇದ್ದ ಅವಸರ ಸತ್ತಾಗ ಲೆಕ್ಕ ಒಪ್ಪಿಸುವುದರಲ್ಲಿ ಇರಲಿಲ್ಲ. ಓದಲು ಬಾರದವನ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಕರೆದವರಿಗೆ ನಾಚಿಕೆಯಾಗಬೇಕು.

ಹಾಗಾದರೆ ಅರಳಿಕಟ್ಟೆಯ ತೀರ್ಪೇ ಸರಿಯೇ, ಹಳ್ಳಿಯವರು ಟ್ರಯಲ್ಲಿನ ಗೊಡವೆಗೇ ಹೋಗಬಾರದೇ? ಇಲ್ಲ. ಆ ಸಾವುಗಳ ಒತ್ತಡದಿಂದಲೇ ಕಾನೂನು ಬಿಗಿಯಾಯಿತು. 2019ರ ನಿಯಮಗಳ ಪ್ರಕಾರ ಟ್ರಯಲ್ಲಿನಿಂದ ಕೆಡುಕಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಓದಲು ಬಾರದವರ ಜೊತೆ ಯಾರ ಕಡೆಗೂ ಸೇರದ ಸಾಕ್ಷಿಯೊಬ್ಬರು ಕೂರಬೇಕು. ಟ್ರಯಲ್ಲನ್ನು ಪರಿಶೀಲಿಸುವ ನೈತಿಕ ಸಮಿತಿಯ ಅರ್ಧದಷ್ಟು ಸದಸ್ಯರು ಆ ಆಸ್ಪತ್ರೆಯ ಹೊರಗಿನವರಾಗಿರಬೇಕು. ಯಾವ ದಿನ ಬೇಕಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ತಪ್ಪುವಂತಿಲ್ಲ. ಇಷ್ಟನ್ನು ತಿಳಿದು ದೂರ ಉಳಿಯುವುದು ರೋಗಿಯ ಹಕ್ಕು. ತಿಳಿಯದೆ ದೂರ ಉಳಿದರೆ ಅದು ಮಾಹಿತಿ ಕೊಡಬೇಕಾದವರ ತಪ್ಪು.

ಹಳ್ಳಿಯ ರೋಗಿಗಳೂ ಟ್ರಯಲ್ಲಿನಲ್ಲಿ ಇರುವುದು ಆಂಜೈನಾದಲ್ಲಿ ಬೇರೆ ಕಾಯಿಲೆಗಿಂತ ಹೆಚ್ಚು ಮುಖ್ಯ. ರಕ್ತದೊತ್ತಡವನ್ನು ಯಂತ್ರ ಅಳೆಯುತ್ತದೆ, ಎದೆ ಹಿಡಿದದ್ದನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಆರ್ಬಿಟಾ ಟ್ರಯಲ್ಲಿನಲ್ಲಿ 200 ರೋಗಿಗಳಿಗೆ ಮೊದಲು ಮಾತ್ರೆಗಳನ್ನು ಸರಿಯಾಗಿ ಕೊಟ್ಟು, ಆಮೇಲೆ ಮಂಪರು ಬರಿಸಿ, ಕಿವಿಗೆ ಹಾಡು ಹಾಕಿ, ಕೆಲವರಿಗೆ ಸ್ಟೆಂಟ್ ಇಟ್ಟರು, ಕೆಲವರಿಗೆ ಇಟ್ಟ ಹಾಗೆ ಮಾಡಿದರು. ಆರು ವಾರದ ನಂತರ ಓಡಿಸಿ ನೋಡಿದರೆ ಎರಡು ಗುಂಪಿನ ನಡುವಿನ ಅಂತರ 16.6 ಸೆಕೆಂಡು. ಗಟ್ಟಿ ವ್ಯತ್ಯಾಸವೆಂದು ಹೇಳಲು ಅದು ಸಾಲಲಿಲ್ಲ. 2023ರ ಆರ್ಬಿಟಾ-2ರಲ್ಲಿ ನೋವಿನ ಮಾತ್ರೆ ನಿಲ್ಲಿಸಿದ 301 ಮಂದಿಯನ್ನು ನೋಡಿದಾಗ ಸ್ಟೆಂಟ್ ಇಟ್ಟವರಿಗೇ ನೋವು ಕಡಿಮೆ. ಭಾರತವೂ ಸೇರಿ 37 ದೇಶಗಳ 5179 ಮಂದಿಯ ಇಸ್ಕೀಮಿಯಾ ಟ್ರಯಲ್ ಮಾತ್ರ, ಸ್ಥಿರ ಆಂಜೈನಾದವರಿಗೆ ಮೊದಲೇ ಆಂಜಿಯೋ ಮಾಡಿ ಸ್ಟೆಂಟೋ ಬೈಪಾಸೋ ಮಾಡಿದ್ದರಿಂದ ಸಾವೂ ಹಾರ್ಟ್ ಅಟ್ಯಾಕೂ ಕಡಿಮೆಯಾಗಲಿಲ್ಲ, ನೋವು ಕಡಿಮೆಯಾಯಿತು ಎಂದಿತು. ನೋವಿನ ಮಾತನ್ನೇ ನೆಚ್ಚಿದ ವಿಜ್ಞಾನ ಇದು. ಕಬ್ಬಿನ ಹೊರೆ ಹೊತ್ತವನ ನೋವು, ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ಸೌದೆ ತರುವವಳ ನೋವು ಅದರ ಲೆಕ್ಕದಲ್ಲಿ ಇಲ್ಲದಿದ್ದರೆ, ಅವರಿಗೆ ಬರೆದುಕೊಡುವ ಮದ್ದಿಗೆ ಬೇರೆಯವರ ಎದೆಯೇ ಆಧಾರ.

ಪ್ರಶ್ನೆ: ಮೈಸೂರಿಗೆ ತಿಂಗಳು ತಿಂಗಳು ಯಾರು ಓಡಾಡುತ್ತಾರೆ ಅನ್ನುತ್ತಾರಲ್ಲ?

ಹ್ಯಾಂಡ್‌ಪೋಸ್ಟ್: ಸರಿಯಾದ್ ಮಾತೇಯ. ಕೂಲಿ ಬುಟ್ಟು ಹೋಗ್ಬೇಕು, ಜೊತೇಗೊಬ್ರು ಬೇಕು. ಬಸ್ ಚಾರ್ಜು, ಆ ದಿನದ ಕೂಲಿ ಕೊಡಾದು ಯಾರು ಅಂತ ಸೇರಾಕ್ ಮುಂಚೇನೇ ಕೇಳ್ಬೇಕು. ಬೆಳಕೇನೋ ತಂತಿ ಮೇಲೋಯ್ತು, ಮನ್ಸ ತಂತಿ ಮೇಲೆ ಹೋಗಾಕಾಯ್ತದಾ?

ಕೇಳಿದರೆ ಸಿಗುವ ಸಾಧ್ಯತೆ ಇದೆ, ಓಡಾಟದ ವೆಚ್ಚ ಕೊಡುವುದು ಆಮಿಷವಲ್ಲ. ಇನ್ನೊಂದು ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು: ಕನ್ನಡದಲ್ಲಿ ಪಟ್ಟಿ ಹಾಕಿದರೆ ಜನ ಟ್ರಯಲ್ಲನ್ನೇ ಚಿಕಿತ್ಸೆ ಎಂದುಕೊಂಡು ಮುಗಿಬೀಳುತ್ತಾರೆ ಎಂಬುದು. ಜುಲೈನ ಸಾಲನ್ನು ಕಂಡವರು ಆ ಭಯವನ್ನು ಲಘುವಾಗಿ ತೆಗೆದುಕೊಳ್ಳಲಾರರು. ಆದರೆ ಆ ಸಾಲನ್ನು ಕಟ್ಟಿದ್ದು ಹೆಚ್ಚಾದ ಮಾಹಿತಿಯಲ್ಲ, ಅರೆಬರೆ ಸುದ್ದಿ. ಚೀಟಿ ಎತ್ತಿದಾಗ ನಿಮಗೆ ಹುಸಿಮದ್ದೇ ಬರಬಹುದು, ಲಾಭ ನಿಮಗಿಂತ ಮುಂದಿನವರಿಗೆ ಹೆಚ್ಚು ಎಂಬ ಎರಡು ಸಾಲನ್ನು ಸರಳ ಕನ್ನಡದಲ್ಲಿ ಕೊಳ್ಳೇಗಾಲದ ಆಸ್ಪತ್ರೆಯ ಗೋಡೆಗೆ ಅಂಟಿಸಿದರೆ ಅರ್ಧ ಭ್ರಮೆ ಅಲ್ಲೇ ಇಳಿಯುತ್ತದೆ. ನೋಂದಣಿಯಲ್ಲಿ ಪ್ರತಿ ಟ್ರಯಲ್ಲಿಗೂ ಅದು ನಡೆಯುವ ರಾಜ್ಯದ ಭಾಷೆಯಲ್ಲಿ ಹತ್ತು ಸಾಲಿನ ಸಾರಾಂಶ ಕಡ್ಡಾಯ ಮಾಡಲು ದೊಡ್ಡ ಖರ್ಚೇನೂ ಬೇಕಿಲ್ಲ.

ಹ್ಯಾಂಡ್‌ಪೋಸ್ಟ್: ಬರೀರಿ ಸ್ವಾಮಿ. ಅದ್ರಾಗೆ 1902ರ ವಿಷ್ಯಾನೂ ಒಂದ್ ಸಾಲು ಸೇರ್ಸಿ.

ಸೇರಿಸಿದ್ದಾಯಿತು. ಓದುಗರಲ್ಲಿ ಒಂದು ಬಿನ್ನಹ. ಕೂತಾಗಲೂ ಬಿಡದ ಎದೆನೋವು ಬಂದರೆ ಟ್ರಯಲ್ ಹುಡುಕುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಹಳೇ ಆಂಜೈನಾಕ್ಕೆ ಟ್ರಯಲ್ ಸೇರಿ ಎಂದು ಯಾರಾದರೂ ಕಾಗದ ಮುಂದಿಟ್ಟರೆ, ಅದರ ಕನ್ನಡ ಪ್ರತಿ ಕೇಳಿ ಮನೆಗೆ ತನ್ನಿ, ಗಟ್ಟಿಯಾಗಿ ಓದಿಸಿ ಕೇಳಿಸಿಕೊಳ್ಳಿ, ನಿಮ್ಮನ್ನು ನೋಡುವ ವೈದ್ಯರಿಗೂ ತೋರಿಸಿ, ಅವರನ್ನು ಕೇಳದೆ ಈಗ ನುಂಗುತ್ತಿರುವ ಮಾತ್ರೆ ನಿಲ್ಲಿಸಬೇಡಿ. ಸಿಟಿಆರ್‌ಐ ನಂಬರು ಎಷ್ಟು ಎಂದು ಕೇಳಿ. ನಂಬರು ಇಲ್ಲವೆಂದರೆ ಪೆನ್ನು ವಾಪಸ್ ಕೊಟ್ಟು ಎದ್ದು ಬನ್ನಿ.