ರಾಯಚೂರಿಗೆ ಮುಂದಿನ ಸೀಟು

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ರಾಯಚೂರು, ಮಾನ್ವಿ, ದೇವದುರ್ಗದ ಟ್ಯೂಷನ್ ಕೋಣೆಗಳಲ್ಲಿ ರಾಮ ಎಡೆಬಿಡದೆ ಮಾವಿನಹಣ್ಣು ತಿನ್ನುತ್ತಾನೆ. ಮರುಕ್ಷಣವೇ ಮಾವಿನಹಣ್ಣು ರಾಮನಿಂದ ತಿನ್ನಲ್ಪಡುತ್ತದೆ. ಇಂಗ್ಲಿಷ್ ಮಾಸ್ತರನಾದ ನನಗೆ ಆ ಹಣ್ಣು ಸಾಕಾಗಿ, ಊರಿನ ಚರಿತ್ರೆಗೇ ಕೈಹಾಕಿದೆ.

"ಕೃಷ್ಣದೇವರಾಯ ಕ್ಯಾಪ್ಚರ್ಡ್ ರಾಯಚೂರ್" ಎಂದು ಬೋರ್ಡಿನ ಮೇಲೆ ಬರೆದೆ. ಇಸವಿ 1520. ಪ್ಯಾಸಿವ್ ಮಾಡುವ ಸೂತ್ರ ಸುಲಭ: ಕರ್ಮವನ್ನು ಮುಂದೆ ತಾ, 'ವಾಸ್' ಸೇರಿಸು, ಕ್ರಿಯಾಪದದ ಮೂರನೇ ರೂಪ ಹಾಕು, ಕರ್ತೃವಿಗೆ 'ಬೈ' ಅಂಟಿಸಿ ಹಿಂದಕ್ಕೆ ದಬ್ಬು. "ರಾಯಚೂರ್ ವಾಸ್ ಕ್ಯಾಪ್ಚರ್ಡ್ ಬೈ ಕೃಷ್ಣದೇವರಾಯ." ದೇವದುರ್ಗದ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕವರಂತೆ ರಾಯಚೂರು ಠೀವಿಯಿಂದ ಕೂತಿತು. ಆದರೆ ಕುಲುಕಾಟವೇನೂ ತಪ್ಪಲಿಲ್ಲ. ಗೆದ್ದವರು ಅವರೇ, ಸಿಕ್ಕಿಬಿದ್ದವರು ನಾವೇ.

ಕೃಷ್ಣೆ, ತುಂಗಭದ್ರೆಯರ ನಡುವೆ ಕೂತ ನಮ್ಮೂರು ಚರಿತ್ರೆಯುದ್ದಕ್ಕೂ ಕರ್ಮಪದವೇ. ಬಹಮನಿಗಳು ಹಿಡಿದರು, ವಿಜಯನಗರದವರು ಕಸಿದರು, ಆದಿಲಶಾಹಿಗಳು ಮತ್ತೆ ಕಿತ್ತುಕೊಂಡರು. 1853ರಲ್ಲಿ ನಿಜಾಮರು ಸೈನ್ಯದ ಖರ್ಚಿನ ಬಾಕಿಗಾಗಿ ಎರಡು ನದಿಗಳ ನಡುವಿನ ಈ ದೋಆಬನ್ನು ಬ್ರಿಟಿಷರಿಗೆ ಕೊಟ್ಟರು. 1860ರಲ್ಲಿ ಅವರು ಹಿಂದಕ್ಕೆ ಕೊಟ್ಟರು. 'ಗಿವ್' ಕ್ರಿಯಾಪದಕ್ಕೆ ಎರಡು ಕರ್ಮ, ಆದ್ದರಿಂದ ಎರಡು ಪ್ಯಾಸಿವ್ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಜಿಲ್ಲೆ ಸಿಗಲಿಕ್ಕಿಲ್ಲ.

ಹೋಗು, ಬಾ, ಮಲಗು ಮುಂತಾದ ಅಕರ್ಮಕಗಳಿಗೆ ಪ್ಯಾಸಿವ್ ಇಲ್ಲ ಎಂದಾಗ ದೇವದುರ್ಗದ ಹುಡುಗಿಯೊಬ್ಬಳು ಲೆಕ್ಕ ಮುಗಿಸಿದಳು: "ಹಂಗಾದ್ರ ಕರೆಂಟ್ ಹೋಯ್ತು ಅಂದ್ರ ಅದಕ್ಕ ಯಾರೂ ಜವಾಬ್ದಾರರಲ್ಲ, ಬಿಡ್ರಿ."

ಕರ್ತೃ ಯಾರೆಂದು ಹೇಳುವ ಅಗತ್ಯವಿಲ್ಲದಿದ್ದರೆ 'ಬೈ' ಬಿಡಬಹುದು ಎನ್ನುತ್ತದೆ ವ್ಯಾಕರಣ. ಈ ವಿದ್ಯೆ ಇಂಗ್ಲಿಷರಿಗಿಂತ ಚೆನ್ನಾಗಿ ಒಲಿದದ್ದು ನಮ್ಮ ಸರಕಾರಿ ಕನ್ನಡಕ್ಕೆ. "ಕಾಲುವೆಗೆ ನೀರು ಹರಿಸಲಾಗಿದೆ." ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿ.ಮೀ. ಮುನಿರಾಬಾದಿನಿಂದ ಹೊರಟ ನೀರು ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಟೇಲ್ ಎಂಡ್ ಹೊಲಗಳಿಗೆ ಬರುವಷ್ಟರಲ್ಲಿ ಕರ್ತೃವಿನ ಜೊತೆಗೆ ಕರ್ಮವೂ ಲೋಪವಾಗಿರುತ್ತದೆ.

1294ರಲ್ಲಿ ನಮ್ಮ ಕೋಟೆ ಕಟ್ಟಿದವರು ಹಾಗಲ್ಲ. 41 ಅಡಿ ಮೀರಿದ ಕಲ್ಲಿನ ಮೇಲೆ ಶಾಸನ ಬರೆಸಿದ್ದಲ್ಲದೆ, ಆ ಕಲ್ಲನ್ನು ಬಂಡಿಯಲ್ಲಿ ಎಳೆದ ಕೋಣಗಳ ಸಾಲನ್ನೂ ಅವನ್ನು ಹುರಿದುಂಬಿಸಿದ ಆಳುಗಳನ್ನೂ ಗೋಡೆಯಲ್ಲಿ ಕೊರೆಸಿದ್ದಾರೆ. 'ಬೈ' ಆದಮೇಲೆ ಕೋಣಕ್ಕೂ ಜಾಗ ಕೊಟ್ಟ ಜನ.

ಮಕ್ಕಳಿಗೆ ಅದನ್ನೇ ಹೇಳಿದೆ: "ಪರೀಕ್ಷೆಯಲ್ಲಿ 'ಬೈ' ಬಿಟ್ಟರೆ ಅರ್ಧ ಮಾರ್ಕು ಹೋದೀತು. ಅರ್ಜಿಯಲ್ಲಿ ಬಿಟ್ಟರೆ ಬೆಳೆಯೇ ಹೋಗುತ್ತದೆ. ನೀರು ತಿರುಗಿಸಿಕೊಂಡವರು ಯಾರೆಂದು ಹೆಸರು ಹಿಡಿದು ಬರೆಯಿರಿ."

ಮಾನ್ವಿ ಕಡೆಯ ಹುಡುಗ ಎದ್ದು ನಿಂತ. "ನಮ್ಮಪ್ಪ ಹಂಗಾ ಬರದಿದ್ದ ರೀ ಸರ. ಉತ್ತರಾನೂ ಬಂತು."

"ಏನಂತ?"

"'ಪರಿಶೀಲಿಸಲಾಗುವುದು' ಅಂತ. ಇದನ್ನ ಆಕ್ಟಿವ್ ಮಾಡ್ಬೇಕಂದ್ರ ಸಬ್ಜೆಕ್ಟ್ ಯಾರನ್ನ ಹಾಕ್ಲಿ ರೀ, ಸರ?"