ಸಿನಿಮಾ ಹೋದ ಮೇಲೆ ವಿಮರ್ಶೆ

ದೋಹಾಕ್ಕೆ ಕನ್ನಡ ಸಿನಿಮಾ ಬರುವುದು ಗುರುವಾರ. ಅದನ್ನು ನೋಡಲೇಬೇಕು ಎಂದು ನಾವು ತೀರ್ಮಾನಿಸುವುದು ಮುಂದಿನ ಬುಧವಾರ. ಅಷ್ಟರಲ್ಲಿ ಅದು ಗಂಟುಮೂಟೆ ಕಟ್ಟಿ ಆಗಿರುತ್ತದೆ. ಹಾಗೆಂದು ನಡುವೆ ಸಿಗುವ ಶುಕ್ರವಾರ, ಶನಿವಾರಗಳನ್ನು ನಾವು ಸುಮ್ಮನೆ ಕಳೆಯುವುದಿಲ್ಲ. ಅದರ ಬಗ್ಗೆ ಅಭಿಪ್ರಾಯ ಕೊಡುತ್ತೇವೆ.

ಕತಾರಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಊರಿನ ನೆಂಟರು ಭಾನುವಾರದ ಎರಡನೇ ಕಾಫಿ ಕುಡಿಯುವ ಹೊತ್ತಿಗೆ ನಾವು ಆಫೀಸಿನಲ್ಲಿ ಕಾರ್ಡು ಒತ್ತಿ ಕೂತಿರುತ್ತೇವೆ. ಹಾಗಾಗಿ ಸಿನಿಮಾ ವಿಮರ್ಶೆಗೆ ಇಲ್ಲಿನ ಮುಹೂರ್ತ ಶುಕ್ರವಾರ ಮಧ್ಯಾಹ್ನ, ಬಿಸಿಬೇಳೆಬಾತಿನ ಪಾತ್ರೆ ತಳ ಕಂಡ ಮೇಲೆ. ಬೇಸಿಗೆಯಲ್ಲಂತೂ ಹೊರಗೆ ಕಾಲಿಡುವ ಮಾತೇ ಇಲ್ಲ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಇಲ್ಲಿನ ಸರ್ಕಾರ ಕಾನೂನು ಮಾಡಿದೆ. ಸೋಫಾದ ಮೇಲೆ ಕೂತು ಮಾಡುವ ಕೆಲಸಕ್ಕೆ ಅಂಥ ನಿರ್ಬಂಧವೇನೂ ಇಲ್ಲವಾದ್ದರಿಂದ ನಜ್ಮಾದ ನಮ್ಮ ಫ್ಲಾಟಿನಲ್ಲಿ ವಿಮರ್ಶಾ ಕಾರ್ಯ ಎಡೆಬಿಡದೆ ನಡೆಯುತ್ತದೆ.

ವಿಮರ್ಶಕರ ಮಂಡಳಿಯನ್ನು ಪರಿಚಯಿಸಿಬಿಡುತ್ತೇನೆ. ಒಬ್ಬರು ಹುಬ್ಬಳ್ಳಿಯವರು, ರಾಸ್ ಲಫಾನಿನ ಗ್ಯಾಸ್ ಘಟಕದಲ್ಲಿ ಇಂಜಿನಿಯರು. ಇನ್ನೊಬ್ಬರು ಪುತ್ತೂರಿನ ಅಕ್ಕ, ನರ್ಸು. ಮೂರನೆಯವರು ಮೈಸೂರಿನ ಲೆಕ್ಕಪರಿಶೋಧಕರು. ಇವರ ಜೊತೆಗೆ ನನ್ನ ಹೆಂಡತಿ, ಮಗ, ವಿಸಿಟ್ ವೀಸಾದ ಮೇಲೆ ಬಂದಿರುವ ನನ್ನ ಅಮ್ಮ. ಇವರಲ್ಲಿ ಅತ್ಯಂತ ಖಚಿತವಾದ ಅಭಿಪ್ರಾಯ ಇರುವುದು ಮೈಸೂರಿನವರಿಗೆ. ಅವರು ಸಿನಿಮಾ ನೋಡುವುದಿಲ್ಲ. ಟ್ರೇಲರ್ ನೋಡುತ್ತಾರೆ, ಊರಿನಲ್ಲಿರುವ ಬಾವಮೈದನಿಗೆ ಫೋನು ಮಾಡುತ್ತಾರೆ, ಆಮೇಲೆ ಬಂದು, "ಸೆಕೆಂಡ್ ಹಾಫ್ ಎಳೆದಿದ್ದಾರೆ ಸಾರ್" ಎನ್ನುತ್ತಾರೆ. ಕನ್ನಡದಲ್ಲಿ ಸೆಕೆಂಡ್ ಹಾಫ್ ಎಳೆಯದ ಸಿನಿಮಾ ಇದುವರೆಗೆ ಬಂದಿಲ್ಲವಾದ್ದರಿಂದ ಅವರ ಮಾತು ಸುಳ್ಳಾದ ದಾಖಲೆಯೂ ಇಲ್ಲ.

ಇಲ್ಲಿ ಯಾವ ವಿಮರ್ಶೆಯೂ ರಿಯಾಲು-ರೂಪಾಯಿ ಲೆಕ್ಕವಿಲ್ಲದೆ ಪೂರ್ತಿಯಾಗುವುದಿಲ್ಲ. ನಾಲ್ಕು ಜನರ ಟಿಕೆಟ್ಟು, ಮಗನ ಪಾಪ್‌ಕಾರ್ನ್, ಪಾಪ್‌ಕಾರ್ನ್ ತಿಂದು ಬಾಯಾರಿದ್ದಕ್ಕೆ ಜ್ಯೂಸು ಎಲ್ಲ ಸೇರಿ ನೂರೈವತ್ತು ರಿಯಾಲು ದಾಟಿದರೆ ಹುಬ್ಬಳ್ಳಿಯವರು ಅಲ್ಲೇ ತಲೆಯಲ್ಲಿ ಗುಣಿಸಿ, "ಊರಾಗ ನಾಕು ಸಿಲಿಂಡರ್ ಬರ್ತಿದ್ವು ನೋಡ್ರಿ" ಎನ್ನುತ್ತಾರೆ. ಭಾರತಕ್ಕೆ ಹಡಗುಗಟ್ಟಲೆ ಗ್ಯಾಸು ಕಳಿಸುವ ದೇಶದಲ್ಲಿ, ಆ ಗ್ಯಾಸಿನ ಕೊಳವೆಯನ್ನೇ ಕಾಯುತ್ತ ಸಂಬಳ ತೆಗೆದುಕೊಳ್ಳುವ ಮನುಷ್ಯ ಸಿನಿಮಾವನ್ನು ಸಿಲಿಂಡರಿನಲ್ಲಿ ಅಳೆಯುತ್ತಾನೆ. ಅವರ ಪ್ರಕಾರ ಕೆ.ಜಿ.ಎಫ್. ಎರಡನೇ ಭಾಗ ಆರು ಸಿಲಿಂಡರಿನ ಸಿನಿಮಾ. ಕೆಲವಂತೂ ಲೈಟರಿನ ಖರ್ಚಿಗೂ ಬಾಳುವುದಿಲ್ಲ.

2022ರ ಏಪ್ರಿಲ್ 14ರಂದು ಆ ಕೆ.ಜಿ.ಎಫ್. ಬಂದಾಗ ಮಾತ್ರ ನಮ್ಮ ಮಂಡಳಿ ಬುಧವಾರದ ತನಕ ಕಾಯಲಿಲ್ಲ. ಯಶ್ ಪರದೆಯ ಮೇಲೆ ಬಂದಾಗ ಶಿಳ್ಳೆ ಹೊಡೆದವರಲ್ಲಿ ಬಂಗಾಳಿಗಳಿದ್ದರು, ನೇಪಾಳಿಗಳಿದ್ದರು, ಹಿಂದಿನ ಸಾಲಿನ ತುಂಬ ಮಲಯಾಳಿಗಳಿದ್ದರು. ಕೊನೆಗೆ ಹಡಗಿನ ಸಮೇತ ಅಷ್ಟೂ ಬಂಗಾರ ಸಮುದ್ರದ ಪಾಲಾದಾಗ ನಮ್ಮ ಸಾಲಿನ ಹೆಂಗಸರು ಬಿಟ್ಟ ನಿಟ್ಟುಸಿರಿಗೆ ಎಸಿಯೇ ಒಂದು ಕ್ಷಣ ನಿಂತಂತಾಯಿತು. ಕಥಾನಾಯಕ ಸತ್ತದ್ದಕ್ಕಲ್ಲ. ಹಿಂದಿನ ದಿನವಷ್ಟೇ ಗೋಲ್ಡ್ ಸೂಕಿನಲ್ಲಿ ಗ್ರಾಮಿನ ರೇಟು ಕೇಳಿ ಬಳೆ ಬಿಟ್ಟು ಬಂದವರಿದ್ದರು.

ಅಮ್ಮನ ಅಭಿಪ್ರಾಯವೇ ಬೇರೆ. ಟಿ.ವಿ.ಯಲ್ಲಿ ಎರಡು ಭಾಗವನ್ನೂ ಪೂರ್ತಿ ನೋಡಿ, "ಅಷ್ಟು ಬಂಗಾರ ಇಟ್ಟುಕೊಂಡು ಆ ಹುಡುಗ ಒಂದು ಹೊತ್ತು ನೆಟ್ಟಗೆ ಕೂತು ಊಟ ಮಾಡಿದ್ದು ಕಾಣಲಿಲ್ಲ" ಎಂದರು. ಅಮ್ಮನಿಗೆ ಬಂಗಾರ ಎಂದರೆ 1972ರ 'ಬಂಗಾರದ ಮನುಷ್ಯ'. ಅದರ ರಾಜೀವಪ್ಪ ಬಂಡೆ ಒಡೆದು ಬಾವಿ ತೋಡಿದ, ಬೆಳೆ ತೆಗೆದ, ಕೊನೆಗೆ ಎಲ್ಲವನ್ನೂ ಬಿಟ್ಟು ನಡೆದ. ಅದನ್ನು ನೋಡಿ ಪಟ್ಟಣದ ಹುಡುಗರು ಹಳ್ಳಿಗೆ ವಾಪಸು ಹೋದರಂತೆ ಎಂದು ಅಮ್ಮ ಹೇಳುವಾಗ ನನ್ನ ಮುಖವನ್ನೇ ನೋಡುತ್ತಾರೆ. ನಾನು ಚಹಾ ತರುವ ನೆಪದಲ್ಲಿ ಅಡಿಗೆಮನೆಗೆ ಏಳುತ್ತೇನೆ.

'ಕಾಂತಾರ'ದ ಕತೆ ಹೀಗಾಯಿತು. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು. ನಾವು ಚರ್ಚೆಗೆ ಕೂತೆವು. ದೈವದ ಕೋಲವನ್ನು ಸಿನಿಮಾದಲ್ಲಿ ತೋರಿಸಬಹುದೇ ಎಂದು ಒಂದು ಶುಕ್ರವಾರ, ಪಂಜುರ್ಲಿಗೂ ಗುಳಿಗನಿಗೂ ಏನು ವ್ಯತ್ಯಾಸ ಎಂದು ಇನ್ನೊಂದು ಶುಕ್ರವಾರ ಕಳೆಯಿತು. ಹೊರಗೆ ಇಡೀ ದೇಶ ವಿಶ್ವಕಪ್ ಫುಟ್‌ಬಾಲಿಗೆ ಸಿಂಗಾರವಾಗುತ್ತಿತ್ತು, ಕಾರ್ನಿಶ್ ತುಂಬ ಬಾವುಟ ಹಾರುತ್ತಿತ್ತು, ಲುಸೈಲಿನಲ್ಲಿ ಮೆಸ್ಸಿ ಆಡುತ್ತಾನೆಂದು ಜಗತ್ತೇ ಮೈಮರೆತಿತ್ತು. ನಮ್ಮ ಹಾಲಿನಲ್ಲಿ ಮಾತ್ರ ಭೂತಾರಾಧನೆಯ ಮೇಲೆ ವಿಚಾರ ಸಂಕಿರಣ. ಅಕ್ಟೋಬರ್ 20ಕ್ಕೆ ಮಲಯಾಳಂ ಅವತರಣಿಕೆ ಬಿಡುಗಡೆಯಾಯಿತು. ಮುಂದಿನ ವಾರ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ತ್ರಿಶ್ಶೂರಿನವನು ಕುರ್ಚಿ ಎಳೆದುಕೊಂಡು ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು ಕತೆ ಪೂರ್ತಿ ಹೇಳಿದ. ಹೇಳಿ ಮುಗಿಸಿ, "ನೀವೂ ನೋಡಿ. ನಿಮ್ಮ ಭಾಷೆಯಲ್ಲೂ ಬಂದಿದೆಯಂತೆ" ಎಂದ.

ಆ ಮಾತು ನಾಟಿ ಅಂದೇ ರಾತ್ರಿ ಎಲ್ಲರೂ ಹೋದೆವು. ವಾಪಸು ಬಂದ ಮೇಲೆ ಕೊನೆಯ ದೃಶ್ಯದ ಆ ಕೂಗನ್ನು ನನ್ನ ಮಗ ಲಿಫ್ಟಿನಲ್ಲಿ, ಕಾರಿಡಾರಿನಲ್ಲಿ, ಬಚ್ಚಲುಮನೆಯಲ್ಲಿ ಪ್ರಯೋಗಿಸಿದ. ಎದುರು ಫ್ಲಾಟಿನ ಈಜಿಪ್ಟಿನವರು ಬಾಗಿಲು ತಟ್ಟಿ, ಯಾರಿಗಾದರೂ ಹುಷಾರಿಲ್ಲವೇ, ಆ್ಯಂಬುಲೆನ್ಸ್ ಕರೆಯಬೇಕೇ ಎಂದು ಕೇಳಿದರು. ಪುತ್ತೂರಿನ ಅಕ್ಕ ಮಗನನ್ನು ಕೂರಿಸಿಕೊಂಡು, "ಅದು ತಮಾಷೆಗೆ ಮಾಡುವಂಥದ್ದಲ್ಲ ಮಗಾ, ಅದಕ್ಕೊಂದು ಕ್ರಮ ಉಂಟು" ಎಂದು ಗಂಭೀರವಾಗಿ ಬುದ್ಧಿ ಹೇಳಿದರು. ಅವನು ಅಷ್ಟೇ ಗಂಭೀರವಾಗಿ ತಲೆಯಾಡಿಸಿ, ಶಾಲೆಯ ಬಸ್ಸಿನಲ್ಲಿ ಮಾತ್ರ ಮಾಡುವುದೆಂದು ಒಪ್ಪಿಕೊಂಡ.

ಮಗನ ವಿಮರ್ಶೆಗಳು ನಮಗೆ ದುಬಾರಿ. '777 ಚಾರ್ಲಿ' ಬಂದಾಗ ಊರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ನೋಡಿ ಅತ್ತಿದ್ದರು. ಮಗನೂ ಅತ್ತ. ಮುಖ್ಯಮಂತ್ರಿಗಳ ಅಳು ಅವತ್ತಿಗೆ ಮುಗಿಯಿತು, ಇವನದು ಮುಗಿಯಲಿಲ್ಲ. ನಾಯಿ ಬೇಕು, ಅದೂ ಲ್ಯಾಬ್ರಡಾರ್, ಅದನ್ನು ಹಿಮ ನೋಡಲು ಕಾಶ್ಮೀರಕ್ಕೆ ಕರೆದುಕೊಂಡು ಹೋಗಬೇಕು. ದೋಹಾದ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ನಮಗೇ ಕಾಲು ಚಾಚಲು ಸರದಿ ಹಾಕಬೇಕು ಎಂದು ವಿವರಿಸಿದೆವು. ಅವನು, "ಹಾಗಾದರೆ ಅಜ್ಜಿ?" ಎಂದ. ಅಮ್ಮ ಅಂದಿನಿಂದ ಸಿನಿಮಾದ ನಾಯಿಗಳ ಬಗ್ಗೆ ಯಾವ ಅಭಿಪ್ರಾಯವನ್ನೂ ಕೊಟ್ಟಿಲ್ಲ.

'ಸಪ್ತ ಸಾಗರದಾಚೆ ಎಲ್ಲೋ' ನೋಡಿದ ರಾತ್ರಿಯದು ಬೇರೆಯೇ ಪ್ರಕರಣ. ಆ ಸಿನಿಮಾದ ಮನು, ಪ್ರಿಯಾಳ ಜೊತೆ ಒಂದು ಸ್ವಂತ ಮನೆ ಮಾಡಿಕೊಳ್ಳುವ ಆಸೆಗೆ ಬಿದ್ದು ಯಾರೋ ಮಾಡಿದ ತಪ್ಪನ್ನು ದುಡ್ಡಿಗಾಗಿ ತನ್ನ ಮೇಲೆ ಹಾಕಿಕೊಂಡು ಜೈಲು ಸೇರುತ್ತಾನೆ. ಸಾಲ್ವಾ ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಹೆಂಡತಿ ಇನ್ನೂ ಕಣ್ಣೊರೆಸಿಕೊಳ್ಳುತ್ತಲೇ, "ನೀವಾಗಿದ್ದರೆ ನನಗೋಸ್ಕರ ಹಾಗೆ ಹೋಗ್ತಿದ್ರಾ?" ಎಂದಳು. ನಾನು, "ಬೆಂಗಳೂರಲ್ಲಿ ಸೈಟು ತಗೊಳ್ಳೋಣ ಅಂತ ನೀನೇ ತಾನೆ ನನ್ನ ಇಲ್ಲಿಗೆ ಕಳಿಸಿದ್ದು? ಹನ್ನೊಂದು ವರ್ಷ ಆಯ್ತು, ಇನ್ನೂ ಬಿಡುಗಡೆ ಆಗಿಲ್ಲ" ಎಂದೆ. ಸಿಗ್ನಲ್ ಹಸಿರಾದರೂ ಹಿಂದಿನ ಲ್ಯಾಂಡ್ ಕ್ರೂಸರ್ ಹಾರ್ನ್ ಹೊಡೆಯುವ ತನಕ ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಮರುದಿನ ಮಂಡಳಿಯಲ್ಲಿ ಈ ಸಿನಿಮಾದ ಬಗ್ಗೆ ಗಂಡಸರೆಲ್ಲ ಮೆಚ್ಚುಗೆ ಸೂಚಿಸಿದರು. ಗೃಹಸಾಲದ ಕಂತು ಕಟ್ಟುವವರಿಗೆ ಅದರಲ್ಲಿ ಅರ್ಥವಾಗದ ದೃಶ್ಯವೇ ಇರಲಿಲ್ಲ. ಮೊದಲ ಭಾಗ 2023ರ ಸೆಪ್ಟೆಂಬರ್ 1ಕ್ಕೂ ಎರಡನೆಯದು ನವೆಂಬರ್ 17ಕ್ಕೂ ಬಂತು. ಎರಡನೆಯದಕ್ಕೆ ನನ್ನ ಹೆಂಡತಿ ಪುತ್ತೂರಿನ ಅಕ್ಕನ ಜೊತೆ ಹೋದಳು.

ಪುತ್ತೂರಿನ ಅಕ್ಕನ ಪರಮಾವಧಿ ನೋಡಬೇಕಾದರೆ 'ಸು ಫ್ರಮ್ ಸೋ' ಬರಬೇಕಾಯಿತು. ಊರಿನ ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ಜನ ನಂಬುವ ಕತೆ. ನಾವೆಲ್ಲ ಅದನ್ನು ಸಿನಿಮಾ ಎಂದು ನೋಡಿದೆವು. ಅಕ್ಕ ಮದುವೆಮನೆಯ ವಿಡಿಯೊ ಎಂದು ನೋಡಿದರು. "ಸೋಮೇಶ್ವರದಲ್ಲಿ ನನ್ನ ಅತ್ತೆಯ ತಂಗಿಯ ಮನೆ ಉಂಟು. ಆ ರವಿಯಣ್ಣನ ಹಾಗಿನ ಜನ ನಮ್ಮಲ್ಲಿ ವಠಾರಕ್ಕೊಬ್ಬರು ಉಂಟು" ಎಂದು ಥಿಯೇಟರಿನಲ್ಲೇ ಪಕ್ಕದವರಿಗೆ ಪರಿಚಯ ಮಾಡಿಕೊಡತೊಡಗಿದರು. ಹುಬ್ಬಳ್ಳಿಯವರಿಗೆ ಕರಾವಳಿಯ ಮಾತಿನ ಓಟ ಹಿಡಿಯಲಾಗದೆ, ಕನ್ನಡ ಸಿನಿಮಾವನ್ನು ಕೆಳಗಿನ ಇಂಗ್ಲಿಷ್ ಅಡಿಬರಹ ಓದಿಕೊಂಡು ನೋಡಿದರು. ಆದ್ದರಿಂದ ಅವರು ಪ್ರತಿ ಜೋಕಿಗೂ ಎರಡು ಸೆಕೆಂಡು ತಡವಾಗಿ ನಕ್ಕರು. ಖಾಲಿ ನಿಶ್ಶಬ್ದದಲ್ಲಿ ಕೇಳಿಬಂದ ಆ ಒಂಟಿ ನಗುವಿಗೆ ಎಲ್ಲರೂ ಮತ್ತೆ ನಕ್ಕದ್ದರಿಂದ ಸಿನಿಮಾದ ಪರಿಣಾಮ ಇಮ್ಮಡಿಯಾಯಿತು. ಹೊರಗೆ ಬಂದು ಅವರು ಕೊಟ್ಟ ತೀರ್ಪು: "ಬಾಳ ಚಲೋ ಮಾಡ್ಯಾರ್ರೀ. ಆದ್ರ ನಮ್ಮ ಕಡೆ ದೆವ್ವದ್ದೂ ಒಂದು ತೆಗೀಬೇಕ್ರೀ." ಮೈಸೂರಿನವರು ಅವತ್ತೂ ಬಂದಿರಲಿಲ್ಲ. ಸೆಕೆಂಡ್ ಹಾಫ್ ಎಳೆದಿದ್ದಾರೆ ಎಂದು ಫೋನಿನಲ್ಲೇ ತಿಳಿಸಿದರು.

ಇಷ್ಟು ತಮಾಷೆ ಮಾಡಿದ ಮೇಲೆ ಇದರೊಳಗಿನ ಲೆಕ್ಕವನ್ನೂ ಹೇಳಬೇಕು. ಕತಾರಿನಲ್ಲಿ 7 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಅದರಲ್ಲಿ ಕನ್ನಡಿಗರ ಪಾಲು ಸಣ್ಣದು. ಹಿಂದಿ, ಮಲಯಾಳಂ, ತಮಿಳು, ತೆಲುಗು ಸಿನಿಮಾಗಳು ಪರದೆ ಹಂಚಿಕೊಂಡ ಮೇಲೆ ಉಳಿದ ಚೂರು ನಮ್ಮದು. ದೊಡ್ಡ ಹೆಸರಿಲ್ಲದ ಸಿನಿಮಾವಾದರೆ ಒಂದೋ ಎರಡೋ ಶೋ, ಅದೂ ರಾತ್ರಿ ಹತ್ತೂವರೆಗೋ ಹನ್ನೊಂದಕ್ಕೋ. ಎಷ್ಟೋ ಸಲ ಯಾರೋ ಒಬ್ಬ ಉತ್ಸಾಹಿ ತನ್ನ ಜೇಬಿನ ಮೇಲೆ ಭಾರ ಹಾಕಿಕೊಂಡು, ಮನೆಮನೆಗೆ ಫೋನು ಮಾಡಿ ಸೀಟು ತುಂಬಿಸಿದರಷ್ಟೇ ಆ ಶೋ ಕೂಡ. ಕರ್ನಾಟಕ ಸಂಘದ ರಾಜ್ಯೋತ್ಸವಕ್ಕೆ ಸಭಾಂಗಣ ತುಂಬುವಷ್ಟು ಜನ ಬರುತ್ತೇವೆ, ತುಳು ನಾಟಕಕ್ಕೆ ನಿಲ್ಲಲು ಜಾಗವಿರುವುದಿಲ್ಲ. ಸಿನಿಮಾಕ್ಕೆ ಮಾತ್ರ, "ಹೇಗಿದೆಯಂತೆ ಕೇಳಿ ಹೇಳ್ತೀನಿ" ಎನ್ನುತ್ತೇವೆ. ಥಿಯೇಟರಿನವರು ನೋಡುವುದು ಮೊದಲ ಮೂರು ದಿನದ ಟಿಕೆಟ್ಟನ್ನು. ನಮ್ಮ ಅಭಿಪ್ರಾಯ ಹದಕ್ಕೆ ಬರುವುದು ಶನಿವಾರ ರಾತ್ರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ವಂಶಸ್ಥರು ನಾವು.

'ಸು ಫ್ರಮ್ ಸೋ'ದಲ್ಲಿ ದೊಡ್ಡ ಸ್ಟಾರು ಯಾರೂ ಇರಲಿಲ್ಲ. ನಿರ್ದೇಶಕರಾಗಿ ಜೆ.ಪಿ. ತುಮಿನಾಡರಿಗೆ ಅದು ಕನ್ನಡದ ಮೊದಲ ಸಿನಿಮಾ. 2025ರ ಜುಲೈ 25ಕ್ಕೆ ಬಂದ ಅದನ್ನು ಮೊದಲ ದಿನವೇ ಹೋಗಿ ನೋಡಿದ ಜನ ಪಕ್ಕದ ಮನೆಯವರಿಗೆ ಹೇಳಿದರು, ಪಕ್ಕದ ಮನೆಯವರು ಅವರ ಪಕ್ಕದವರಿಗೆ ಹೇಳಿದರು, ಶೋಗಳು ಏರುತ್ತಲೇ ಹೋದವು. ಬಾಯಿಮಾತಿಗೆ ಅಷ್ಟು ಬಲ ಉಂಟು. ಆದರೆ ಆ ಬಾಯಿ ಸಿನಿಮಾ ನೋಡಿ ಬಂದದ್ದಾಗಿರಬೇಕು, ಬಾವಮೈದನಿಗೆ ಫೋನು ಮಾಡಿದ್ದಾಗಿರಬಾರದು.

ಆದ್ದರಿಂದ ಕತಾರಿನ, ಹಾಗೆಯೇ ಕುವೈತ್, ಬಹರೈನ್, ದುಬೈ, ಮಸ್ಕತ್ತಿನ ಸಮಸ್ತ ಕನ್ನಡ ವಿಮರ್ಶಕರಲ್ಲಿ ಒಂದು ವಿನಂತಿ. ಓಟಿಟಿಗೆ ಬರಲಿ ಎಂದು ಕಾಯಬೇಡಿ. ಗುರುವಾರ ರಾತ್ರಿಯ ಶೋಗೇ ಹೋಗಿ, ಸಿಲಿಂಡರಿನ ಲೆಕ್ಕ ಬೇಕಾದರೆ ಇಂಟರ್‌ವಲ್‌ನಲ್ಲಿ ಹಾಕಿಕೊಳ್ಳಿ. ಚೆನ್ನಾಗಿದ್ದರೆ ನಾಲ್ಕು ಜನರಿಗೆ ಹೇಳಿ. ಚೆನ್ನಾಗಿಲ್ಲದಿದ್ದರೆ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು ಬಾಯ್ತುಂಬ ಬೈಯಿರಿ, ಬಿಸಿಬೇಳೆಬಾತು ನಮ್ಮದು. ಟಿಕೆಟ್ಟಿನ ಅರ್ಧ ತುಂಡನ್ನು ಮಾತ್ರ ಬಾಗಿಲಲ್ಲೇ ತೋರಿಸಬೇಕು. ಮೈಸೂರಿನವರಿಗೂ ವಿನಾಯಿತಿ ಇಲ್ಲ.