ಒಂದೂವರೆ ನಿಮಿಷ ತಾಳದ ಅಭಿಮಾನಿ ದೇವರುಗಳಿಗೆ

ಡ್ರೀಮ್ ಥಿಯೇಟರ್ ತಂಡದ ಅಭಿಮಾನಿ ದೇವರುಗಳ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರ. ಮೊದಲಿಗೆ ತಮ್ಮ ಕಿವಿಯ ವೇಗಕ್ಕೊಂದು ಜೈಕಾರ. ತಂಡದ ಆಲ್ಬಮ್ ‘ಪ್ಯಾರಾಸಾಮ್ನಿಯಾ’ ಬಿಡುಗಡೆಯಾದದ್ದು 2025ರ ಫೆಬ್ರುವರಿ 7ರಂದು. ನಿದ್ದೆಯಲ್ಲಿ ಕಾಡುವ ತೊಂದರೆಗಳನ್ನೇ ವಸ್ತುವಾಗಿಸಿಕೊಂಡ ಎಂಟು ರಚನೆಗಳು, ಒಟ್ಟು 71 ನಿಮಿಷ. 2010ರಲ್ಲಿ ತಂಡ ಬಿಟ್ಟು 2023ರಲ್ಲಿ ಮರಳಿದ ಮೈಕ್ ಪೋರ್ಟ್‌ನಾಯ್ ಡ್ರಮ್ಸ್ ಮುಂದೆ ಕೂತ ಆಲ್ಬಮ್ ಇದು ಎಂದಮೇಲೆ ತಾವು ಹಸಿದು ಕಾದಿದ್ದದ್ದು ಸಹಜವೇ. ಅಂದೇ ಕೇಳಿದಿರಿ, ಅಂದೇ ತೂಗಿದಿರಿ, ತಂಡದ 16 ಆಲ್ಬಮ್‌ಗಳ ಸಾಲಿನಲ್ಲಿ ಇದಕ್ಕೆ ಎಷ್ಟನೆಯ ಸ್ಥಾನ ಎಂಬುದನ್ನೂ ಸೂರ್ಯ ಮುಳುಗುವುದರೊಳಗೆ ಘೋಷಿಸಿದಿರಿ. ಸ್ನೇರ್ ಡ್ರಮ್ಮಿನ ಸದ್ದು ಹೇಗಿರಬೇಕಿತ್ತು, ಗಾಯಕ ಜೇಮ್ಸ್ ಲಾಬ್ರಿ ಅವರ ಗಂಟಲು ಎಷ್ಟು ಉಳಿದಿದೆ, ಯಾವ ಸೋಲೋ ಯಾವ ಹಳೆಯ ಸೋಲೋದ ತಮ್ಮ, ಎಲ್ಲಕ್ಕೂ ಆಗಲೇ ಷರಾ ಬಿದ್ದಿತ್ತು. ಇದರಲ್ಲಿ ನನ್ನ ತಕರಾರೇನೂ ಇಲ್ಲ. ಗಂಟಲಿನ ವಿಷಯ ಗಂಟಲಿನವರು ನೋಡಿಕೊಳ್ಳಲಿ. ತಕರಾರು ಇರುವುದು ಆರನೆಯ ರಚನೆಯ ಬಗ್ಗೆ ಮಾತ್ರ. ‘ಆರ್ ವಿ ಡ್ರೀಮಿಂಗ್?’ ಎಂಬ ಒಂದೂವರೆ ನಿಮಿಷದ ಆ ಪಿಸುಗುಟ್ಟುವ ತುಣುಕಿಗೆ ತಾವು ದಯಪಾಲಿಸಿದ ಬಿರುದು: ಫಿಲ್ಲರ್, ಅಂದರೆ ಸುಮ್ಮನೆ ಜಾಗ ತುಂಬಿಸಲು ತುರುಕಿದ್ದು.

ಈ ಬಿರುದು ಕಾನ್ಸೆಪ್ಟ್ ಆಲ್ಬಮ್ ಎಂಬ ಜಾತಿಗೇ ಸಲ್ಲದು ಎಂಬುದು ಈ ಪತ್ರದ ವಾದ. ಬಿಡಿ ಹಾಡುಗಳ ಆಲ್ಬಮ್ಮಿನಲ್ಲಿ ಹಾಡು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ನಿಲ್ಲದಿದ್ದರೆ ಅದನ್ನು ಫಿಲ್ಲರ್ ಎನ್ನಿ, ಯಾರು ಬೇಡ ಎಂದರು? ಒಂದೇ ವಸ್ತುವನ್ನು ಹಿಡಿದು ಹೊರಟ ಆಲ್ಬಮ್ಮಿನಲ್ಲಿ ಕೆಲವು ತುಣುಕುಗಳ ಕೆಲಸ ನಿಲ್ಲುವುದಲ್ಲ, ನಿಲ್ಲಿಸುವುದು. ಪಿಂಕ್ ಫ್ಲಾಯ್ಡ್‌ನ ‘ದಿ ವಾಲ್’ 1979ರ ನವೆಂಬರ್ 30ರಂದು ಬಂತು. ಶಾಲೆಯ ಮಕ್ಕಳ ಗುಂಪು ಹಾಡುವ ಅದರ ಆ ಜಗತ್ಪ್ರಸಿದ್ಧ ಹಾಡಿಗೆ ಮುಂಚೆ ‘ದಿ ಹ್ಯಾಪಿಯೆಸ್ಟ್ ಡೇಸ್ ಆಫ್ ಅವರ್ ಲೈವ್ಸ್’ ಎಂಬ, ಎರಡು ನಿಮಿಷವೂ ಇಲ್ಲದ ತುಣುಕೊಂದಿದೆ. ಹೆಲಿಕಾಪ್ಟರ್ ಸದ್ದು, ಮೇಷ್ಟ್ರ ಕೂಗಾಟ, ನಾಲ್ಕಾರು ಸಾಲು, ಮುಗಿಯಿತು. ಅದು ಆ ಮೇಷ್ಟ್ರನ್ನು ನಮ್ಮೆದುರು ತಂದು ನಿಲ್ಲಿಸದಿದ್ದರೆ ಮುಂದಿನ ಹಾಡಿನ ಮಕ್ಕಳು ಯಾರ ಮೇಲೆ ಸಿಡಿದೆದ್ದರು ಎಂಬುದೇ ತಿಳಿಯುವುದಿಲ್ಲ. ಎಷ್ಟೋ ರೇಡಿಯೋ ಕೇಂದ್ರಗಳು ಎರಡನ್ನೂ ಒಟ್ಟಿಗೇ ಹಾಕುತ್ತವೆ. 2002ರಲ್ಲಿ ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದ ಆ ಪ್ರವಾಸದ ಕಾರ್ಯಕ್ರಮಗಳಲ್ಲೂ ಆರಂಭದಲ್ಲಿಯೇ ಈ ಜೋಡಿ ಜೋಡಿಯಾಗಿಯೇ ಬರುತ್ತಿತ್ತು. ಮೊದಲನೆಯದನ್ನು ಹಾರಿಸಿ ಎರಡನೆಯದಕ್ಕೆ ಬನ್ನಿ ಎಂದು ಆ ಮೈದಾನದಿಂದ ಯಾರಾದರೂ ಕೂಗಿದ್ದರೆ ಪಕ್ಕದವರು ಅವರನ್ನು ಸುಮ್ಮನೆ ಬಿಡುತ್ತಿದ್ದರೇ? ಅಂದಹಾಗೆ ‘ದಿ ವಾಲ್’ ಹುಟ್ಟಿದ್ದೇ ತಮ್ಮಂಥ ಒಬ್ಬ ದೇವರ ಮೇಲಿನ ಸಿಟ್ಟಿನಿಂದ. 1977ರಲ್ಲಿ ಮಾಂಟ್ರಿಯಲ್‌ನ ಕಾರ್ಯಕ್ರಮದಲ್ಲಿ ಗದ್ದಲ ಮಾಡುತ್ತಿದ್ದ ಅಭಿಮಾನಿಯೊಬ್ಬನ ಮೇಲೆ ವಾಟರ್ಸ್ ಉಗಿದರು. ಆಮೇಲೆ ತಮ್ಮ ನಡತೆಗೆ ತಾವೇ ಬೆಚ್ಚಿ, ಕಲಾವಿದನಿಗೂ ಜನಕ್ಕೂ ನಡುವೆ ಎದ್ದ ಗೋಡೆಯ ಕತೆ ಬರೆದರು. ಇದನ್ನು ಇಲ್ಲಿ ಸುಮ್ಮನೆ ನೆನಪಿಸಿದೆ. ಬೇರೆ ಉದ್ದೇಶವೇನಿಲ್ಲ.

ಈಗ ತಮ್ಮ ಹಳೆಯ ತೀರ್ಪಿನ ಕಡತವನ್ನು ಬಿಚ್ಚಬೇಕು, ಏಕೆಂದರೆ ಇಂದಿನ ಬಿರುದಿನ ಬೇರು ಅಲ್ಲಿದೆ. 2016ರ ಜನವರಿ 29ರಂದು ಇದೇ ತಂಡದ ‘ದಿ ಅಸ್ಟಾನಿಶಿಂಗ್’ ಬಂತು. ಗಿಟಾರ್ ವಾದಕ ಜಾನ್ ಪೆಟ್ರೂಚಿ ಹೆಣೆದ ಕತೆ, 34 ರಚನೆಗಳು, ಎರಡು ಗಂಟೆ ಹತ್ತು ನಿಮಿಷ. ಕತೆ ನಡೆಯುವುದು ಮುಂದೆಂದೋ ಬರುವ ಒಂದು ಸಾಮ್ರಾಜ್ಯದಲ್ಲಿ. ಅಲ್ಲಿ ಮನುಷ್ಯರು ಹಾಡುವುದನ್ನೇ ಮರೆತಿದ್ದಾರೆ. ಆಕಾಶದಲ್ಲಿ ತೇಲುವ ನೋಮ್ಯಾಕ್ ಎಂಬ ಗದ್ದಲ ಯಂತ್ರಗಳು ಹೊರಡಿಸುವ ಸದ್ದೇ ಸಂಗೀತ. ರೇವನ್‌ಸ್ಕಿಲ್ ಎಂಬ ಊರಿನ ಗೇಬ್ರಿಯಲ್ ಎಂಬ ಹುಡುಗನಿಗೆ ಮಾತ್ರ ಹಾಡು ಒಲಿದಿದೆ. ಚಕ್ರವರ್ತಿಯ ಮಗಳು ಅವನಿಗೆ ಮನಸೋಲುತ್ತಾಳೆ, ಉಳಿದದ್ದು ತಮಗೆ ಗೊತ್ತು, ಅಥವಾ ಗೊತ್ತಿಲ್ಲ. ಆಲ್ಬಮ್ಮಿನಲ್ಲಿ ಐದು ಕಡೆ ಈ ಯಂತ್ರಗಳ ಸದ್ದು ಬರುತ್ತದೆ. ಹಾಡಿಲ್ಲ, ರಾಗವಿಲ್ಲ, ಕಿವಿಗೆ ಹಿತವೂ ಇಲ್ಲ. ಮೊಟ್ಟಮೊದಲು ಕೇಳಿಸುವುದೇ ಅದು. ಅದಾದ ಮೇಲೆ ಓವರ್ಚರ್. ಕೊನೆಯದು ‘ಪವರ್ ಡೌನ್’, ಕಟ್ಟಕಡೆಯ ಹಾಡಿಗೆ ಸರಿಯಾಗಿ ಮುಂಚೆ. ಹೆಸರೇ ಹೇಳುವಂತೆ ಯಂತ್ರಗಳು ಆರಿಹೋಗುವ ಗಳಿಗೆ. ತಾವು ಮಾಡಿದ್ದೇನು? ಐದನ್ನೂ ಫಿಲ್ಲರ್ ಎಂದಿರಿ, ತಮ್ಮ ತಮ್ಮ ಪಟ್ಟಿಯಿಂದ ಅಳಿಸಿದಿರಿ, ‘ನೋಮ್ಯಾಕ್ ಇಲ್ಲದಿದ್ದರೆ ಚೆನ್ನಾಗಿರುತ್ತಿತ್ತು’ ಎಂದು ಸಲಹೆಯನ್ನೂ ಕೊಟ್ಟಿರಿ. ಗೇಬ್ರಿಯಲ್ ಯಾವುದರ ವಿರುದ್ಧ ಹಾಡುತ್ತಿದ್ದಾನೋ ಅದನ್ನೇ ಕಿತ್ತುಹಾಕಿ, ‘ಇವನೇಕೆ ಇಷ್ಟೊಂದು ಹಾಡುತ್ತಾನೆ’ ಎಂದು ಬೇಸರಪಟ್ಟುಕೊಂಡಿರಿ. ಐದೂ ಸೇರಿದರೆ ಐದು ನಿಮಿಷದ ಆಸುಪಾಸು, ಸ್ವಾಮಿ. 130 ನಿಮಿಷದಲ್ಲಿ ಐದು! ಅವನ್ನು ಬೈಯಲು ತಾವು ತೆಗೆದುಕೊಂಡ ಹೊತ್ತಿನಲ್ಲಿ ಆಲ್ಬಮ್ಮನ್ನು ಇನ್ನೊಂದು ಸಲ ಕೇಳಬಹುದಿತ್ತು.

ಗದ್ದಲ ಎಂದರೆ ತಮ್ಮ ಕಿವಿಗೆ ಆಗದು, ಆದ್ದರಿಂದ ಹೀಗಾಯಿತು ಎಂದರೆ ಒಪ್ಪಿಕೊಳ್ಳಬಹುದಿತ್ತು. ಆದರೆ ದಾಖಲೆ ಬೇರೆಯೇ ಹೇಳುತ್ತದೆ. ಇದೇ ತಂಡ 1999ರಲ್ಲಿ ತಂದ, ತಾವು ನೆತ್ತಿಯ ಮೇಲೆ ಹೊತ್ತು ತಿರುಗುವ ಕಾನ್ಸೆಪ್ಟ್ ಆಲ್ಬಮ್ ‘ಸೀನ್ಸ್ ಫ್ರಮ್ ಎ ಮೆಮೊರಿ’ ಹೇಗೆ ಮುಗಿಯುತ್ತದೆ? ಕರಕರ ಸದ್ದಿನಲ್ಲಿ. 2002ರ ಮುಂದಿನ ಆಲ್ಬಮ್ ಹೇಗೆ ಶುರುವಾಗುತ್ತದೆ? ಅದೇ ಕರಕರ ಸದ್ದಿನಲ್ಲಿ. ಆ ಸಂಬಂಧವನ್ನು ಪತ್ತೆಮಾಡಿದ ದೇವರುಗಳು ಕುಣಿದಾಡಿದ್ದೇನು, ಹೊಸಬರಿಗೆ ಅದನ್ನು ಗುಟ್ಟಿನ ಮಂತ್ರದಂತೆ ಉಪದೇಶಿಸಿದ್ದೇನು! ಅಲ್ಲಿ ಗದ್ದಲ ಒಡವೆ, ಇಲ್ಲಿ ಗದ್ದಲ ಫಿಲ್ಲರ್. ಇನ್ನು ಹಾಡಿಲ್ಲ ಎಂಬ ಆಕ್ಷೇಪ. ‘ಸೀನ್ಸ್’ನಲ್ಲಿರುವ ‘ದಿ ಡಾನ್ಸ್ ಆಫ್ ಇಟರ್ನಿಟಿ’ಯಲ್ಲಿ ಒಂದೇ ಒಂದು ಮಾತಿಲ್ಲ. ಆರು ನಿಮಿಷದ ಆ ವಾದ್ಯಸಂಗೀತದಲ್ಲಿ ತಾಳ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಅದರಿಂದ ಕತೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದರೂ ಅದನ್ನು ಫಿಲ್ಲರ್ ಎಂದ ದೇವರು ಈವರೆಗೆ ಅವತರಿಸಿಲ್ಲ. ಹಾಗಾದರೆ ಅಳತೆಗೋಲು ಯಾವುದು? ಬೆರಳು ಓಡಿದರೆ ಕಲೆ, ಬೆರಳು ನಿಂತರೆ ಫಿಲ್ಲರ್. ಇದನ್ನು ನೇರವಾಗಿ ಹೇಳಿಬಿಟ್ಟಿದ್ದರೆ ಈ ಪತ್ರವೇ ಬೇಕಿರಲಿಲ್ಲ. ತಾವು ಕತೆ ಕೇಳಲು ಬಂದವರಲ್ಲ, ಸರ್ಕಸ್ ನೋಡಲು ಬಂದವರು. ಸರ್ಕಸ್ಸಿನ ನಡುವೆ ಕತೆ ಬಂದರೆ ತಮಗೆ ಅಡ್ಡಿ.

ಫಿಲ್ಲರ್ ಎಂಬುದು ಜಗತ್ತಿನಲ್ಲಿ ಇಲ್ಲವೇ ಇಲ್ಲವೇ ಎಂದು ತಾವು ಕೇಳುವುದು ಖಂಡಿತ. ಇದೆ. ‘ದಿ ಅಸ್ಟಾನಿಶಿಂಗ್’ನಲ್ಲಿಯೇ ಬೇಕಾದಷ್ಟಿದೆ, ಆದರೆ ತಾವು ತೋರಿಸಿದ ಕಡೆ ಅಲ್ಲ. ಪಿಯಾನೋದಿಂದ ಮೆಲ್ಲಗೆ ಶುರುವಾಗಿ, ಯಾವುದೋ ಪಾತ್ರದ ಸಂಕಟ ಹೇಳಿ, ಡೇವಿಡ್ ಕ್ಯಾಂಪ್‌ಬೆಲ್ ಹೊಂದಿಸಿದ ವಾದ್ಯವೃಂದದ ಜೊತೆ ಉಬ್ಬಿ ಇಳಿಯುವ ನಿಧಾನಗತಿಯ ಹಾಡುಗಳು ಒಂದರ ಹಿಂದೆ ಒಂದು ಬರುತ್ತವಲ್ಲ, ಅವುಗಳಲ್ಲಿ ಅರ್ಧದಷ್ಟು ಆಗಲೇ ಹೇಳಿದ್ದನ್ನು ಮತ್ತೆ ಹೇಳುತ್ತವೆ. ಅದು ಫಿಲ್ಲರ್. ಎಲ್ಲ ಪಾತ್ರಗಳನ್ನೂ ಒಬ್ಬ ಲಾಬ್ರಿಯೇ ಹಾಡುವುದರಿಂದ ರಾಜ ಯಾರು, ರಾಜಕುಮಾರ ಯಾರು, ಅಣ್ಣ ಯಾರು ಎಂದು ತಿಳಿಯಲು ಪುಸ್ತಿಕೆ ಹಿಡಿದು ಕೂರಬೇಕು. ಅದು ದೋಷ. ಕತೆ ಕೂಡ ಇನ್ನಷ್ಟು ಗಟ್ಟಿಯಾಗಿರಬಹುದಿತ್ತು. ಈ ದೋಷಗಳನ್ನು ತಾವು ಹೇಳಿದ್ದರೆ ಪೆಟ್ರೂಚಿ ಅವರಿಗೂ ಉಪಯೋಗವಾಗುತ್ತಿತ್ತು. ಆದರೆ ಹಾಡಿನ ಆಕಾರದಲ್ಲಿ ಇರುವುದನ್ನೆಲ್ಲ ತಾವು ಹಾಡೆಂದು ಒಳಗೆ ಬಿಟ್ಟುಕೊಂಡಿರಿ, ಹಾಡಿನ ಆಕಾರದಲ್ಲಿ ಇಲ್ಲದ್ದನ್ನು ಬಾಗಿಲಲ್ಲೇ ತಡೆದಿರಿ. ಒಳಗೆ ಬಂದವರಲ್ಲಿ ಅರ್ಧ ಜನ ಸುಮ್ಮನೆ ಜಾಗ ತುಂಬಿದವರು, ಹೊರಗೆ ನಿಂತ ಐವರ ಕೈಯಲ್ಲಿ ಕತೆಯ ಕೀಲಿಕೈ.

‘ಮೊದಲ ಸಲ ಕೇಳಿದಾಗ ಅನಿಸಿದ್ದೇ ಪ್ರಾಮಾಣಿಕ’ ಎನ್ನುವುದು ಇನ್ನೊಂದು ವಾದ. ಅನಿಸಿಕೆಯಾಗಿ ಅದು ಪ್ರಾಮಾಣಿಕವೇ. ಆದರೆ ತಾವು ಮೊದಲ ಸಲ ಕೇಳಿದಿರೇ? ಹದಿನೈದು ಸೆಕೆಂಡಿಗೆ ಬೆರಳು ಮುಂದಿನ ರಚನೆಗೆ ಜಾರಿದ್ದರೆ ಅದು ಮೊದಲ ಕೇಳುವಿಕೆಯೂ ಅಲ್ಲ, ಸೊನ್ನೆಯನೆಯದು. 1974ರ ನವೆಂಬರ್‌ನಲ್ಲಿ ಜೆನೆಸಿಸ್ ತಂಡ ಶಿಕಾಗೋದಿಂದ ಪ್ರವಾಸ ಹೊರಟಾಗ ‘ದಿ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ ಎಂಬ ಹೊಸ ಜೋಡಿ ಆಲ್ಬಮ್ಮನ್ನು ಆರಂಭದಿಂದ ಕೊನೆಯವರೆಗೆ ನುಡಿಸಿತು. ಒಂದೂವರೆ ಗಂಟೆಗೂ ಹೆಚ್ಚು ಹೊತ್ತು, ಅದನ್ನು ಹಿಂದೆ ಕೇಳಿಯೇ ಇರದ ಜನರೆದುರು. ಎಲ್ಲರೂ ಮೆಚ್ಚಿದರು ಎಂದಲ್ಲ. ನ್ಯೂಯಾರ್ಕಿನ ಬೀದಿ ಹುಡುಗ ರೇಯಲ್‌ನ ಆ ವಿಚಿತ್ರ ಕತೆಗೆ ತಲೆ ಕೆರೆದುಕೊಂಡವರೇ ಹೆಚ್ಚು. ಆದರೆ ಅವರ ಕೈಯಲ್ಲಿ ಹಾರಿಸುವ ಗುಂಡಿ ಇರಲಿಲ್ಲ. ಇಷ್ಟವಾಗಲಿಲ್ಲ ಎನ್ನುವ ಹಕ್ಕನ್ನು ಅವರು ಪೂರ್ತಿ ಕೂತು ಸಂಪಾದಿಸಿದರು. ‘ದಿ ಅಸ್ಟಾನಿಶಿಂಗ್’ ಕೂಡ 2016ರ ಫೆಬ್ರುವರಿಯಲ್ಲಿ ಲಂಡನ್ನಿನ ಪಲೇಡಿಯಂನಿಂದ ಹಾಗೆಯೇ ಪೂರ್ತಿಯಾಗಿ ಹೊರಟಿತು. ಅದಕ್ಕೆ ತಮ್ಮ ಪ್ರತಿಕ್ರಿಯೆ: ಹಳೆಯ ಹಾಡುಗಳೆಲ್ಲಿ?

ಕತ್ತರಿ ಹಿಡಿದವರು ನಾವಲ್ಲ, ತಂಡದವರೇ ಎಂದು ತಾವು ತಿರುಗಿ ಬೀಳಬಹುದು. ಇದರಲ್ಲಿ ಹುರುಳಿದೆ. ‘ಪ್ಯಾರಾಸಾಮ್ನಿಯಾ’ದ ‘ನೈಟ್ ಟೆರರ್’ ಆಲ್ಬಮ್ಮಿಗಿಂತ ನಾಲ್ಕು ತಿಂಗಳು ಮೊದಲೇ, 2024ರ ಅಕ್ಟೋಬರಿನಲ್ಲಿ, ಒಂಟಿಯಾಗಿ ಹೊರಬಂತು. ಇಡಿಯಾಗಿ ಕೇಳಿ ಎಂದು ಬೇಡುವವರು ಬಿಡಿಬಿಡಿಯಾಗಿ ಮಾರುವುದು ಯಾವ ನ್ಯಾಯ? ಅವರಿಗೂ ಒಂದು ಪತ್ರ ಬರೆಯಬೇಕು, ಅವರಿಗೆ ಕನ್ನಡ ಬಾರದು ಎಂಬುದೊಂದೇ ಅಡಚಣೆ. ನಮ್ಮ ಕರಾವಳಿಯ ದೇವರುಗಳು ಇನ್ನೂ ಒಳ್ಳೆಯ ಪ್ರಶ್ನೆ ಹಾಕಬಹುದು: ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನವೇ ಕಾಲಮಿತಿಗೆ ಒಗ್ಗಿಕೊಂಡಿರುವಾಗ ಇವರದೇನು ದೊಡ್ಡಸ್ತಿಕೆ? ಒಗ್ಗಿಕೊಂಡಿದೆ, ನಿಜ. ಆದರೆ ಅಲ್ಲಿ ಪ್ರಸಂಗ ಮೊಟಕುಗೊಳಿಸುವವರು ಪ್ರಸಂಗ ಬಲ್ಲವರು. ಯಾವ ಪದ್ಯ ಬಿಟ್ಟರೆ ನಡೆಯುತ್ತದೆ, ಯಾವುದನ್ನು ಬಿಟ್ಟರೆ ಮುಂದಿನ ವೇಷ ಯಾಕೆ ಬಂತೆಂದೇ ತಿಳಿಯುವುದಿಲ್ಲ ಎಂಬ ಲೆಕ್ಕ ಭಾಗವತರ ತಲೆಯಲ್ಲಿರುತ್ತದೆ. ಪ್ರಸಂಗ ನೋಡದೆಯೇ, ಮದ್ದಳೆಯ ಕೈಚಳಕ ಇಲ್ಲದ ಕಡೆಯಲ್ಲೆಲ್ಲ ಗೀಟು ಹಾಕಿಕೊಂಡು ಹೋದವರನ್ನು ಅಲ್ಲಿ ಚೌಕಿಯೊಳಗೂ ಬಿಡುವುದಿಲ್ಲ.

ತಮ್ಮ ತೀರ್ಪು ಯಾರಿಗೂ ನೋವು ಮಾಡುವುದಿಲ್ಲ, ಅದು ಬರೀ ಮಾತು ಎಂಬ ವಿನಯವೂ ಬೇಡ. ಎರಡು ಗಂಟೆ ಹತ್ತು ನಿಮಿಷದ ಕತೆ ಕಟ್ಟಿದ ತಂಡ 2019ರಲ್ಲಿ ತಂದ ಮುಂದಿನ ಆಲ್ಬಮ್ ‘ಡಿಸ್ಟನ್ಸ್ ಓವರ್ ಟೈಮ್’ ಒಂದು ಗಂಟೆಯೂ ಇಲ್ಲ. ಕತೆ ಇಲ್ಲ, ಪಾತ್ರ ಇಲ್ಲ, ಯಂತ್ರ ಇಲ್ಲ. ಕಾಕತಾಳೀಯ ಎನ್ನುವಿರಾದರೆ ಎನ್ನಿ. ಆ ಆಲ್ಬಮ್ಮಿನ ಪ್ರವಾಸದಲ್ಲಿ ಇಪ್ಪತ್ತು ವರ್ಷ ತುಂಬಿದ ‘ಸೀನ್ಸ್ ಫ್ರಮ್ ಎ ಮೆಮೊರಿ’ಯನ್ನು ಪೂರ್ತಿ ನುಡಿಸಿದರು, ದೇವರುಗಳು ಪುಳಕಿತರಾದರು. ಅಂದರೆ ಇಡಿಯಾಗಿ ಕೇಳುವ ಶಕ್ತಿ ತಮಗಿದೆ! ಇಪ್ಪತ್ತು ವರ್ಷ ಹಳೆಯದಾಗಿರಬೇಕು, ಅಷ್ಟೇ ಷರತ್ತು. ಹೊಸದಾಗಿ ಯಾರಾದರೂ ಅಂಥದ್ದು ಮಾಡಹೊರಟರೆ ಮೊದಲ ದಿನವೇ ಕಾಲು ಮುರಿಯುವುದು, ಇಪ್ಪತ್ತು ವರ್ಷ ಬಿಟ್ಟು ಅದೇ ಕಾಲಿಗೆ ಬೀಳುವುದು. ಏನ್ರೀ ಇದು? ಒಂದೂವರೆ ನಿಮಿಷ ರೀ! ಟೀ ಸೋಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂರಲಾಗದವರು ನಿದ್ದೆಯ ಮೇಲಿನ ಆಲ್ಬಮ್ ಕೇಳಲು ಯಾಕೆ ಬಂದಿರಿ? ನಿದ್ದೆಯಲ್ಲಿ ಒಂದು ಕನಸಿನಿಂದ ಇನ್ನೊಂದು ಕನಸಿಗೆ ಹೋಗುವಾಗಲೂ ಹಾರಿಸುವ ಗುಂಡಿ ಹುಡುಕುತ್ತೀರಾ? ‘ಮಿಡ್‌ನೈಟ್ ಮೆಸ್ಸಯಾ’ದ ಆರ್ಭಟ ಮುಗಿದು ‘ಬೆಂಡ್ ದ ಕ್ಲಾಕ್’ನ ಮಂದಗತಿ ಶುರುವಾಗುವ ಮುಂಚೆ ಕಿವಿ ಒಂದಿಷ್ಟು ಖಾಲಿಯಾಗಲಿ ಎಂದು ಆ ತುಣುಕನ್ನು ಅಲ್ಲಿಟ್ಟಿದ್ದಾರೆ. ಅದನ್ನು ತೆಗೆದು ಎರಡನ್ನೂ ಒಂದರ ಮೇಲೊಂದು ಕೇಳಿದವರೇ ‘ಬೆಂಡ್ ದ ಕ್ಲಾಕ್’ ಯಾಕೋ ಸಪ್ಪೆ ಎನ್ನುವುದು. ಸಪ್ಪೆ ಮಾಡಿದವರು ಯಾರು?

ಸಿಟ್ಟು ಬಂತು, ದೇವರುಗಳು ಕ್ಷಮಿಸಬೇಕು. ಅಥವಾ ಬೇಡ ಬಿಡಿ, ಕ್ಷಮೆಗೂ ತಾವು ಎಷ್ಟನೆಯ ಸ್ಥಾನ ಕೊಡುತ್ತೀರೋ. ಬೇಡಿಕೆ ಚಿಕ್ಕದು: ಅಳಿಸಿದ ಐದು ಗದ್ದಲಗಳಲ್ಲಿ ‘ಪವರ್ ಡೌನ್’ ಒಂದನ್ನಾದರೂ ತಮ್ಮ ಪಟ್ಟಿಗೆ ಮರಳಿ ಸೇರಿಸಿ. ಅದೂ ಆಗದು ಎಂದಾದರೆ ‘ಅಸ್ಟಾನಿಶಿಂಗ್’ನ ಕತೆ ಕೊನೆಗೆ ಏನಾಯಿತು, ಯಂತ್ರಗಳು ನಿಂತವೋ ಇಲ್ಲವೋ ಎಂದು ಇನ್ನು ಮುಂದೆ ನನ್ನನ್ನು ಕೇಳಲು ಬರಬೇಡಿ. ನಾನು ಹೇಳುವುದಿಲ್ಲ.

ಇಂತಿ,
ಐದನ್ನೂ ಪೂರ್ತಿ ಕೇಳಿದ
ನಿಮ್ಮ ಪಕ್ಕದ ಸೀಟಿನವ